ಡಬ್ಬಿಯಲ್ಲಿ ಒಯ್ದ ಧೂಳು

ಅತ್ತಿಗೆಯ ಕುತ್ತಿಗೆಯ ಬುಡದಲ್ಲಿ, ಎರಡು ಎಲುಬುಗಳು ಸೇರುವ ಕಡೆ, ಒಂದು ಪುಟ್ಟ ಗುಳಿಯಿತ್ತು. ಉಬ್ಬಸ ಬಂದ ದಿನ ಒಂದೊಂದು ಉಸಿರಿಗೂ ಅದು ಒಳಕ್ಕೆ ಸೆಳೆದುಕೊಂಡು, ಹುಣಸೆ ಬೀಜ ಕೂರುವಷ್ಟು ಆಳವಾಗುತ್ತಿತ್ತು. ಕರಿಮಣಿ ಸರದ ಎರಡು ಮಣಿಗಳು ಅದರೊಳಗೆ ಇಳಿದು, ಉಸಿರು ಹೊರಬಂದಾಗ ಮತ್ತೆ ಮೇಲೇಳುತ್ತಿದ್ದವು. ನಾನು ಪುಸ್ತಕ ಹಿಡಿದು ಕೂತು ಆ ಮಣಿಗಳನ್ನೇ ನೋಡುತ್ತಿದ್ದೆ.

ಇಷ್ಟು ನನಗೆ ಖಂಡಿತ ನೆನಪಿದೆ. ಮುಂದೆ ಬರೆಯುವುದರಲ್ಲಿ ಎಷ್ಟು ಕಂಡದ್ದು, ಎಷ್ಟು ಮನೆಯಲ್ಲಿ ಹೇಳಿ ಹೇಳಿ ಗಟ್ಟಿಯಾದದ್ದು ಎಂಬುದು ನನಗೇ ಅನುಮಾನ. ಆಗ ನಾನು ಬಿ.ಎ. ಓದುತ್ತಿದ್ದೆ, ಡೈರಿ ಬರೆಯುತ್ತಿದ್ದೆ. ಆ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಹಲವು ಕಡೆ ಅದು ನನ್ನ ಮಾತನ್ನು ಒಪ್ಪುವುದಿಲ್ಲ.

ಅತ್ತಿಗೆ ರಾಜಾನುಕುಂಟೆಯ ಬೇಸಾಯಗಾರರ ಮನೆಯವರು. ಅಣ್ಣನನ್ನು ಮದುವೆಯಾಗಿ ಮತ್ತಿಕೆರೆಯ ನಮ್ಮ ಮನೆಗೆ ಬಂದದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ. ಬಂದ ಮೇಲೂ ಕೆಲಸ ಬಿಡಲಿಲ್ಲ. ಯಶವಂತಪುರದ ಒಂದು ಶಾಲೆಯಲ್ಲಿ ಮೂರನೇ ತರಗತಿಗೆ ಮೇಡಂ ಆಗಿದ್ದರು. ಮಕ್ಕಳ ಮುಂದೆ ಅವರ ಕನ್ನಡ ಪಠ್ಯಪುಸ್ತಕದ ಹಾಗೆ ಶುದ್ಧ. ಮನೆಗೆ ಬಂದು ಸಿಟ್ಟು ಹತ್ತಿದರೆ ಮಾತ್ರ ಹಕಾರವೆಲ್ಲ ಉದುರಿಹೋಗುತ್ತಿತ್ತು. ಹೋಗು ಓಗಾಗುತ್ತಿತ್ತು, ಹಿಂಗೆ ಇಂಗಾಗುತ್ತಿತ್ತು. ಕಾಲೇಜಿನ ಗರ್ವದಲ್ಲಿ ನಾನು ಒಮ್ಮೆ ನಕ್ಕಿದ್ದಕ್ಕೆ ಅವರು ಹೇಳಿದ್ದು: "ಹ ಅನ್ನೋದು ಬರೀ ಗಾಳಿ ಕಣೇ. ನನ್ನತ್ರ ಇರೋದೇ ಇಷ್ಟು ಗಾಳಿ. ಅದನ್ನ ಜಗಳಕ್ಕೆ ಅಂತ ಉಳಿಸ್ಕೊಂಡಿದೀನಿ."

ಆಗ ಮತ್ತಿಕೆರೆ ಇನ್ನೂ ಹಳ್ಳಿ. ನಮ್ಮ ಹಿತ್ತಲಿನಾಚೆಗೇ ಕಣ. ಸುಗ್ಗಿಯಲ್ಲಿ ರಾಗಿ ತೂರಿದರೆ ಹೊಟ್ಟು ಕಿಟಕಿಯಿಂದ ಒಳಕ್ಕೆ ಬಂದು ಅನ್ನದ ತಟ್ಟೆಯ ಮೇಲೆ ಕೂರುತ್ತಿತ್ತು. ಮುಂದಿನ ರಸ್ತೆಯಲ್ಲಿ ಇಟ್ಟಿಗೆ ಗಾಡಿಗಳು ಹೋದರೆ ಕೆಮ್ಮಣ್ಣು. ಸೊಸೆಯಾದವಳು ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚುವ ಮೊದಲು, ಹೀಗೆ ಮೂರು ಹೊತ್ತು ಮನೆ ಗುಡಿಸಬೇಕು. ಶಾಲೆಯಿದ್ದ ದಿನ ಮಧ್ಯಾಹ್ನದ್ದೊಂದು ಬಿಟ್ಟು, ಅತ್ತಿಗೆ ಒಂದು ವರ್ಷ ಗುಡಿಸಿದರು. ಗುಡಿಸಿ ಗೋಡೆಗೊರಗಿ ಕೂತರೆ ಅರ್ಧ ಗಂಟೆ ಮಾತೇ ಇಲ್ಲ. ಮಣಿಗಳು ಇಳಿಯುವುದು, ಏಳುವುದು ಅಷ್ಟೇ.

"ಧೂಳಿಂದ ದೂರ ಇರಿ" ಅಂದರಂತೆ ಡಾಕ್ಟರು. ಅತ್ತಿಗೆ ಮನೆಗೆ ಬಂದು ನಕ್ಕರು. "ಮತ್ತಿಕೆರೇಲಿ ಧೂಳಿಂದ ದೂರ ಅಂದ್ರೆ ಎಲ್ಲಿಗೆ ಹೋಗ್ಲಿ? ಕೆರೆ ಒಳಗಾ?"

ಅಮ್ಮ ನಗಲಿಲ್ಲ. ಅಮ್ಮ ಕೆಟ್ಟವಳಲ್ಲ. ಹದಿಮೂರನೇ ವಯಸ್ಸಿಗೆ ಈ ಮನೆಯ ಪೊರಕೆ ಹಿಡಿದವಳು, ಆ ಪೊರಕೆಯನ್ನು ಸೊಸೆಯ ಕೈಗೆ ದಾಟಿಸುವ ದಿನಕ್ಕೇ ಕಾದಿದ್ದವಳು. ಒಂದು ಬೆಳಗ್ಗೆ ಅತ್ತಿಗೆ ಗುಡಿಸುತ್ತಿದ್ದವರು ನಡುವೆ ನಿಂತು, ಪೊರಕೆಯನ್ನು ಮೂಲೆಗೆ ಒರಗಿಸಿ, "ಇನ್ ನನ್ ಕೈಲಾಗಲ್ಲ ಅತ್ತೆ" ಅಂದರು.

"ಆಗಲ್ಲಾಂದ್ರೆ ರಾಜಾನುಕುಂಟೆಗೋಗಿ ನಿಮ್ಮಪ್ಪನ ಮನೇಲಿ ಕೂತ್ಕೊ" ಅಂದಳು ಅಮ್ಮ. "ಅಲ್ಲಿ ಗುಡಿಸಾಕಕ್ಕೆ ಆಳವ್ರೆ."

ಪತ್ರಿಕೆಯ ಹಿಂದಿನಿಂದ ಅಣ್ಣ, "ನಾಕು ದಿನ ಹೋಗಿ ಬಾರೇ, ಆಮೇಲ್ ನೋಡಣ" ಅಂದ.

ನಾಕು ದಿನ ಅಂದರೆ ಏನೆಂದು ನಮ್ಮ ಬೀದಿಗೆ ಗೊತ್ತಿತ್ತು. ಮೂರು ಮನೆ ಆಚೆಯವರ ಸೊಸೆಯೂ ಹಾಗೇ ನಾಕು ದಿನಕ್ಕೆ ಅಂತ ತವರಿಗೆ ಹೋಗಿದ್ದಳು. ಅವಳನ್ನು ಕರೆಯಲು ಯಾರೂ ಹೋಗಲೇ ಇಲ್ಲ. ಅತ್ತಿಗೆಗೂ ಗೊತ್ತಿತ್ತು. ಅವರು ಎರಡು ಉಸಿರು ಎಳೆದುಕೊಂಡು ಹೇಳಿದರು: "ಓಗಲ್ಲ." ಮತ್ತೆ ಒಂದು ಉಸಿರು. "ಪೊರಕೆನೂ ಇಡಿಯಲ್ಲ. ಇಲ್ಲೇ ಇರ್ತೀನಿ."

ಈ ಜಾಗದಲ್ಲಿ ನಾನು ಅತ್ತಿಗೆಯ ಪಕ್ಕಕ್ಕೆ ಹೋಗಿ ನಿಂತೆ ಎಂದು ನನ್ನ ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ. ಡೈರಿ ಬೇರೆ ಹೇಳುತ್ತದೆ. "ಬೆಳಗ್ಗೆಯೇ ಅತ್ತಿಗೆಯ ನಾಟಕ. ಅಮ್ಮ ನನ್ನನ್ನು ಗುಡಿಸು ಅಂದಳು. ಪರೀಕ್ಷೆ ಇದೆ, ಆಗಲ್ಲ ಅಂದೆ." ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಬರವಣಿಗೆ ನನ್ನದೇ, ನೀಲಿ ಶಾಯಿಯೂ ನನ್ನದೇ. ಆ ಸಾಲನ್ನು ಎಷ್ಟು ಸಲ ಓದಿದರೂ ಅದು ಇನ್ಯಾರೋ ಬರೆದದ್ದಾಗುವುದಿಲ್ಲ.

ಆ ವಾರ ಅಮ್ಮನೇ ಗುಡಿಸಿದಳು, ಪ್ರತಿ ಮೂಲೆಯಲ್ಲೂ ನಿಂತು ಗಟ್ಟಿಯಾಗಿ ನಿಟ್ಟುಸಿರು ಬಿಡುತ್ತಾ. ಅತ್ತಿಗೆ ಒಂದು ಪ್ರಕಟಣೆ ಹೊರಡಿಸಿದರು: "ಧೂಳು ಎಳ್ಕೊಳ್ಳೋ ಮಿಷಿನ್ ತರ್ತೀನಿ. ನನ್ ಸಂಬಳದಲ್ಲಿ." ಹೆಬ್ಬಾಳದ ಕಾಲೇಜಿನ ಕ್ವಾರ್ಟರ್ಸಿನಲ್ಲಿ ಒಬ್ಬ ಪ್ರೊಫೆಸರರ ಮಗಳಿಗೆ ಅವರು ಪಾಠ ಹೇಳಲು ಹೋಗುತ್ತಿದ್ದರು. ಅಲ್ಲಿ ವ್ಯಾಕ್ಯೂಮ್ ಕ್ಲೀನರ್ ನೋಡಿದ್ದರು. ನೋಡಿದ್ದಷ್ಟೇ ಅಲ್ಲ, ಅದು ಓಡುವಾಗ ಪಕ್ಕದಲ್ಲೇ ನಿಂತು ಉಸಿರಾಡಿ ಪರೀಕ್ಷೆ ಮಾಡಿದ್ದರಂತೆ.

"ಅದೆಲ್ಲ ದೊರೆಗಳ ಮನೇದು" ಅಂದ ಅಣ್ಣ. "ಬೀದಿಯವರು ನಗ್ತಾರೆ."

"ನಗ್ಲಿ. ನಗಕ್ಕಾದ್ರೂ ಅವ್ರತ್ರ ಉಸಿರಿದೆಯಲ್ಲ."

ಮಿಷಿನ್ ತರಲು ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಹೊರಡುವ ಹಿಂದಿನ ದಿನ ಅತ್ತಿಗೆ ಒದ್ದೆ ಸೆರಗನ್ನು ಮೂಗಿಗೆ ಬಿಗಿದುಕೊಂಡು ಮನೆಯೆಲ್ಲ ತೆವಳಿದರು. ಕೈಯಲ್ಲಿ ಪೊರಕೆಯಲ್ಲ, ಒಂದು ರಟ್ಟಿನ ತುಂಡು. ಬಾಗಿಲ ಸಂದಿನ ಕೆಮ್ಮಣ್ಣು, ಕಿಟಕಿಯ ರಾಗಿ ಹೊಟ್ಟು, ಹಾಸಿಗೆಯಿಂದ ಉದುರಿದ ಬೂರುಗದ ಹತ್ತಿ, ಅಮ್ಮನ ಬಾಚಣಿಗೆಯ ಕೂದಲುಂಡೆ, ತಮ್ಮದೇ ಕೈಚೀಲದ ಸೀಮೆಸುಣ್ಣದ ಪುಡಿ, ಎಲ್ಲವನ್ನೂ ಬಳಿದು ಬಿಸ್ಕತ್ತಿನ ತಗಡಿನ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದರು.

"ಅತ್ತಿಗೆ, ಅಂಗಡಿಗೆ ಯಾರಾದ್ರೂ ಕಸ ತಗೊಂಡ್ ಹೋಗ್ತಾರಾ?"

"ಸೀರೆ ತಗೊಳಕ್ಕೆ ಹೋಗುವಾಗ ರವಿಕೆ ತಗೊಂಡ್ ಹೋಗಲ್ವಾ? ಹಂಗೇ."

ದಂಡಿನ ಅಂಗಡಿಗೆ ನಾನೂ ಜೊತೆಗೆ ಹೋದೆ. ಅದಕ್ಕೆ ಗಾಜಿನ ಬಾಗಿಲು, ನೆಲಕ್ಕೆ ರತ್ನಗಂಬಳಿ, ಟೈ ಕಟ್ಟಿದ ಮಾರಾಟಗಾರ. ಮೂರು ಬಗೆಯ ಮಿಷಿನ್ನುಗಳಿದ್ದವು. ಒಂದು ನಿಂತ ಕೋಲಿಗೆ ಚೀಲ ತೂಗಿಬಿಟ್ಟದ್ದು. ಇನ್ನೊಂದು ಉದ್ದಕ್ಕೆ ಮಲಗಿದ ಮದ್ದಳೆಯಂಥದ್ದು, ಫಳಫಳ ಹೊಳೆಯುತ್ತಿತ್ತು. ಮೂರನೆಯದು ದುಂಡನೆ ಡ್ರಮ್ಮು, ಮೇಲೆ ತಾಮ್ರದ ಹಂಡೆಯ ಹಾಗೆ ಮುಚ್ಚಳ, ಪಕ್ಕಕ್ಕೊಂದು ಸೊಂಡಿಲು. ಬಣ್ಣ ಬೂದಿ ಎಂದು ನನ್ನ ನೆನಪು. ಡೈರಿಯಲ್ಲಿ "ಹಸಿರು ಡ್ರಮ್" ಎಂದಿದೆ. ಯಾವುದನ್ನು ನಂಬಬೇಕೋ ತಿಳಿಯದು.

"ಯಜಮಾನ್ರು ಬರ್ಲಿಲ್ವಾ ಮೇಡಂ?" ಅಂದ ಮಾರಾಟಗಾರ.

"ಯಜಮಾನ್ರು ಕಸ ಗುಡಿಸಲ್ಲ."

ಅವನು ನಗುವುದೋ ಬೇಡವೋ ಎಂದು ನನ್ನ ಮುಖ ನೋಡಿದ. "ಮನೇಲಿ ಕಾರ್ಪೆಟ್ ಎಷ್ಟಿದೆ ಮೇಡಂ? ಇದೆಲ್ಲ ಕಾರ್ಪೆಟ್ ಇರೋರಿಗೆ."

"ಕಾರ್ಪೆಟ್ ಇಲ್ಲ. ಶ್ವಾಸಕೋಶ ಇದೆ. ಎರಡು."

ಅಷ್ಟು ಹೇಳಿ ಅವರು ಡಬ್ಬಿಯ ಮುಚ್ಚಳ ಕಿತ್ತು, ಮತ್ತಿಕೆರೆಯ ಧೂಳನ್ನು ಆ ರತ್ನಗಂಬಳಿಯ ಪಕ್ಕದ ಖಾಲಿ ನೆಲದ ಮೇಲೆ ಮೂರು ಗುಡ್ಡೆಯಾಗಿ ಸುರಿದರು. ಮಾರಾಟಗಾರ "ಅಯ್ಯೋ ಅಯ್ಯೋ" ಅಂದ. ನಾನು ಗಾಜಿನ ಬಾಗಿಲ ಕಡೆ ತಿರುಗಿ ನಿಂತೆ. ಡೈರಿಯಲ್ಲಿ ಆ ದಿನಕ್ಕೆ ಇರುವುದು ಮೂರೇ ಮಾತು: ದಂಡಿಗೆ ಹೋದದ್ದು, ಹಸಿರು ಡ್ರಮ್, "ತುಂಬಾ ನಾಚಿಕೆಯಾಯಿತು."

"ನಿಮ್ಮಂಗಡಿ ಧೂಳು ಸಾಧು ಧೂಳಪ್ಪ, ಹೇಳಿದ ಮಾತು ಕೇಳುತ್ತೆ" ಅಂದರು ಅತ್ತಿಗೆ. "ಇದು ನಮ್ಮನೇದು. ಇದನ್ನ ಎಳೀಲಿ, ನೋಡಣ."

ಕೋಲಿನ ಮಿಷಿನ್ನು ತನ್ನ ಬ್ರಷ್ಷಿನಿಂದ ಹೊಟ್ಟನ್ನು ಅಂಗಡಿಯ ಉದ್ದಗಲಕ್ಕೂ ಚಿಮ್ಮಿಸಿತು. ಅದನ್ನು ಅತ್ತಿಗೆ ಅಲ್ಲೇ ತಳ್ಳಿಹಾಕಿದರು. ಮದ್ದಳೆ ಚೆನ್ನಾಗಿಯೇ ಎಳೆಯಿತು, ಕೂದಲುಂಡೆ ಸಮೇತ. "ಆಫೀಸರ್ ಮನೆಯೋರೆಲ್ಲ ಇದನ್ನೇ ಒಯ್ಯೋದು" ಅಂದ ಅವನು ಗೆಲುವಾಗಿ. ಅತ್ತಿಗೆ ಮುಂಭಾಗ ನೋಡಲೇ ಇಲ್ಲ. ಹಿಂದಕ್ಕೆ ಹೋಗಿ, ಗಾಳಿ ಹೊರಬರುವ ತೂತಿಗೆ ತಮ್ಮ ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಹಿಡಿದರು. ತೆಗೆದು ಅವನಿಗೆ ತೋರಿಸಿದರು. ನಡುವೆ ಕೆಂಪಗೆ ಒಂದು ಬಿಲ್ಲೆ.

"ಎಷ್ಟು ಕುಡಿಯುತ್ತೆ ಅನ್ನೋದಲ್ಲ. ಹಿಂದಿಂದ ಏನು ಉಗುಳುತ್ತೆ, ಅದು ಹೇಳಿ."

ದುಂಡನೆ ಡ್ರಮ್ಮಿಗೆ ಹಿಡಿದ ಕರವಸ್ತ್ರದ ಇನ್ನೊಂದು ಮೂಲೆ ಬಿಳಿಯಾಗಿಯೇ ಬಂತು. ಆದರೂ ಅತ್ತಿಗೆಗೆ ತೃಪ್ತಿಯಿಲ್ಲ. "ತುಂಬಿದ ಮೇಲೆ ಖಾಲಿ ಯಾರು ಮಾಡ್ತಾರೆ?"

"ಕೆಲಸದವಳು ಮಾಡ್ತಾಳೆ ಬಿಡಿ ಮೇಡಂ."

"ಅವಳಿಗೂ ಎರಡಿದೆ" ಅಂದರು ಅತ್ತಿಗೆ.

ನಮ್ಮ ಮನೆಯಲ್ಲಿ ಕೆಲಸದವಳು ಇರಲಿಲ್ಲ. ಅವನಿಗೆ ಅದು ಗೊತ್ತಿಲ್ಲ. ಅತ್ತಿಗೆ ಹೇಳಲೂ ಇಲ್ಲ. ಇಲ್ಲದ ಒಬ್ಬಳಿಗಾಗಿ ಅಲ್ಲಿ ನಿಂತು ಅವರು ವಾದ ಮಾಡಿದ್ದು ನನಗೆ ಆ ಹೊತ್ತಿನಲ್ಲಿ ಹುಚ್ಚಾಗಿ ಕಂಡಿತು. ಕೊನೆಗೆ ಡ್ರಮ್ಮಿನ ಮುಚ್ಚಳ ತೆಗೆಸಿ, ತಗಡಿನ ಒಳಗೆ ಕೈಯಾಡಿಸಿ, ಬಟ್ಟೆಯ ಜಾಲರಿ ಎತ್ತಿಟ್ಟರೆ ಧೂಳಿನ ಮೇಲೆ ಒಂದು ಚೊಂಬು ನೀರು ಹಾಕಿ ಕೆಸರು ಮಾಡಿ ಸುರಿಯಬಹುದು ಎಂದು ಖಚಿತ ಮಾಡಿಕೊಂಡ ಮೇಲೇ ಅದನ್ನು ಕಟ್ಟಿಕೊಡಲು ಹೇಳಿದರು. ಅಲ್ಲಿದ್ದವುಗಳಲ್ಲೆಲ್ಲ ಕುರೂಪಿಯಾದದ್ದು ಅದೇ.

ಮಿಷಿನ್ನು ಓಡಬೇಕಾದರೆ ನಡುಮನೆಯ ಬಲ್ಬು ಕಳಚಿ ಆ ಹೋಲ್ಡರಿಗೇ ವೈರು ಸಿಕ್ಕಿಸಬೇಕು. ನಮ್ಮ ಮನೆಯಲ್ಲಿ ಬೇರೆ ಪ್ಲಗ್ಗಿರಲಿಲ್ಲ. ಮೊದಲ ಸಲ ಅದು ಗುಂಯ್ ಅಂದಾಗ ಬೀದಿಯ ಅರ್ಧ ಜನ ಬಾಗಿಲಲ್ಲಿದ್ದರು. ಅಮ್ಮ ಅದಕ್ಕೆ ಕುಡುಕ ಎಂದು ಹೆಸರಿಟ್ಟಳು. ಹೆಸರು ಬೀದಿಗೆಲ್ಲ ಹಬ್ಬಿತು. "ಏನವ್ವಾ, ನಿಮ್ಮನೆ ಕುಡುಕ ಇನ್ನೂ ಎದ್ದಿಲ್ವಾ?" ಎಂದು ಹೊಸಿಲಾಚೆಯಿಂದ ಕೂಗಿದರೆ ಅತ್ತಿಗೆ ಒಳಗಿನಿಂದಲೇ, "ನಮ್ಮೋನು ಕುಡಿದು ಮನೆ ಕ್ಲೀನ್ ಮಾಡ್ತಾನೆ, ನಿಮ್ಮೋನು?" ಎನ್ನುತ್ತಿದ್ದರು.

ನಿಜವಾದ ತೀರ್ಮಾನ ಆದದ್ದು ಒಂದು ಶುಕ್ರವಾರ. ದೀಪ ಹಚ್ಚಿದ ಮೇಲೆ ಮನೆ ಗುಡಿಸಬಾರದು, ಗುಡಿಸಿದರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂಬುದು ಅಮ್ಮ ಎಂದೂ ಮೀರದ ಕಟ್ಟಳೆ. ಅವತ್ತು ಕಣದಲ್ಲಿ ರಾಗಿ ತೂರಿದ್ದರು. ಶಾಲೆಯಿಂದ ಅತ್ತಿಗೆ ಬರುವಷ್ಟರಲ್ಲಿ ದೀಪ ಹತ್ತಿತ್ತು. ನೆಲದ ತುಂಬ ಹೊಟ್ಟು. ಹೊಸಿಲು ದಾಟಿದ್ದೇ ಅವರ ಎದೆ ಸಿಳ್ಳೆ ಹಾಕಿತು. ಸ್ಟೂಲು ಹತ್ತಿ ಬಲ್ಬು ಕಳಚಿದರು. ಎಣ್ಣೆದೀಪದ ಬೆಳಕಿನಲ್ಲಿ ಕುಡುಕ ಗುಂಯ್ ಅಂದ.

"ಶುಕ್ರವಾರ! ಲಕ್ಷ್ಮೀನ ಆಚೆಗ್ ತಳ್ತಿದೀಯೇನೇ?" ಅಮ್ಮ ದೇವರ ಕೋಣೆಯಿಂದ ಓಡಿಬಂದಳು.

ಅತ್ತಿಗೆ ನಿಲ್ಲಿಸಲಿಲ್ಲ. ಕೊನೆಯ ಮೂಲೆಯವರೆಗೂ ಎಳೆದು, ಆಮೇಲೆ ಸ್ವಿಚ್ಚು ಒತ್ತಿ, ಡ್ರಮ್ಮಿನ ಮೇಲೆ ಅಂಗೈಯಿಟ್ಟು ನಿಂತರು. "ಪೊರಕೆ ಆಚೆಗ್ ತಳ್ಳುತ್ತೆ ಅತ್ತೆ. ಇದು ಒಳಕ್ಕೆ ಎಳ್ಕೊಳುತ್ತೆ. ಲಕ್ಷ್ಮಿ ಬಂದಿದ್ರೆ ಇದರೊಳಗೇ ಅವ್ಳೆ. ಮುಚ್ಚಳ ನಾನೇ ಆಕಿದೀನಿ. ಎಲ್ಗೋಗ್ತಾಳೆ?"

ಅಮ್ಮ ಡ್ರಮ್ಮಿನ ಮುಚ್ಚಳವನ್ನು ಬಗ್ಗಿ ನೋಡಿದಳು. ನಕ್ಕಳು ಎಂದು ಅಣ್ಣ ಹೇಳುತ್ತಾನೆ. ನಾನು ಆ ನಗು ಕಂಡಿಲ್ಲ, ಆದ್ದರಿಂದ ಬರೆಯುವುದಿಲ್ಲ. ಕಂಡದ್ದು ಇಷ್ಟು: ಅಮ್ಮ ಕುಂಕುಮದ ಬಟ್ಟಲು ತಂದು, ಮುಚ್ಚಳದ ಮೇಲೆ ಒಂದು ಬೊಟ್ಟಿಟ್ಟು, "ಶುಕ್ರವಾರ ಮಾತ್ರ ಇದನ್ನ ಖಾಲಿ ಮಾಡ್ಬ್ಯಾಡ" ಅಂದಳು. ಅಲ್ಲಿಗೆ ರಾಜಾನುಕುಂಟೆಯ ಮಾತು ಮುಗಿಯಿತು. ಶನಿವಾರ ಬೆಳಗ್ಗೆ ಆ ಕೆಸರು ಕರಿಬೇವಿನ ಬುಡಕ್ಕೆ ಹೋಯಿತು. ಮುಂದೆ ಎಷ್ಟೋ ವರ್ಷ ಅದು ಶನಿವಾರವೇ ಹೋಯಿತು.

ಅತ್ತಿಗೆ ಆ ಮನೆಯಲ್ಲೇ ಬದುಕಿದರು, ಅಲ್ಲೇ ಮುದುಕಿಯಾದರು. ಅಮ್ಮನ ಕೊನೆಗಾಲದಲ್ಲಿ ಅವಳ ಹಾಸಿಗೆಯ ಸುತ್ತ ಕುಡುಕನನ್ನು ಓಡಿಸಿದವರೂ ಅವರೇ. ಮೋಟಾರು ಸುಟ್ಟು ಅವನು ಅಟ್ಟ ಸೇರಿದ ಮೇಲೆ ಇನ್ನೊಂದು ಮಿಷಿನ್ ತಂದರು. ಆಗಲೂ ಒದ್ದೆ ಕರವಸ್ತ್ರ ಹಿಡಿದೇ ತಂದರು. ಅವರು ತೀರಿಹೋದದ್ದು ಉಬ್ಬಸದಿಂದಲ್ಲ. ಇದನ್ನು ಒತ್ತಿ ಬರೆಯಬೇಕು, ಏಕೆಂದರೆ ಎಲ್ಲರೂ ಹಾಗೇ ಅಂದುಕೊಂಡರು. ವಯಸ್ಸಾಗಿತ್ತು, ಹೃದಯ ನಿಂತಿತು. ಕೊನೆಯ ದಿನ ನಾನು ಪಕ್ಕದಲ್ಲಿದ್ದೆ. ಕುತ್ತಿಗೆಯ ಆ ಗುಳಿ ಆಳವಾಗಿರಲಿಲ್ಲ.

ಹೆಣ ಎತ್ತಿದ ಮೇಲೆ ಮನೆಯನ್ನು ಒಳಗಿನಿಂದ ಹೊರಕ್ಕೆ ಗುಡಿಸಿ ತೊಳೆಯಬೇಕು. ಯಾರೋ ಹಿರಿಯ ನೆಂಟರು ಎಲ್ಲಿಂದಲೋ ಒಂದು ಪೊರಕೆ ಹುಡುಕಿ ತಂದು ನನ್ನ ಕೈಗೆ ಚಾಚಿದರು. "ತಗಳಮ್ಮ, ನೀನೇ ಮನೆಮಗಳು, ಬ್ಯಾಗ ಗುಡಿಸ್ಬುಡು."

"ಇಡಿಯಲ್ಲ" ಅಂದೆ.

"ಶಾಸ್ತ್ರ ಕಣಮ್ಮ."

"ಶಾಸ್ತ್ರ ಒದ್ದೆ ಬಟ್ಟೇಲಿ ಮಾಡ್ತೀನಿ. ಈ ಮನೇಲಿ ಪೊರಕೆ ಇಡಿಯಲ್ಲ."

ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಮಂಡಿಯೂರಿ, ದೇವರ ಕೋಣೆಯಿಂದ ಹೊಸಿಲಿನವರೆಗೆ ಒರೆಸಿದೆ. ಅವತ್ತು ನನಗೆ ಯಾವ ಪರೀಕ್ಷೆಯೂ ಇರಲಿಲ್ಲ. ಆ ದಿನದ ಡೈರಿಯಲ್ಲಿ ಒಂದೇ ಸಾಲು: "ಪೊರಕೆ ಇಡಿಯಲಿಲ್ಲ." ಹಕಾರ ಬಿಟ್ಟೇ ಬರೆದಿದ್ದೇನೆ. ತಿದ್ದುವುದಿಲ್ಲ.