ನಾಲ್ಕು ಬೆರಳ ಕೊಸರು

ನಮ್ಮ ಬಟ್ಟೆ ಅಂಗಡಿಯ ಸ್ಟಾಕ್ ಎಣಿಸಿದ್ದು ಒಂದೇ ಒಂದು ಸಲ. ಆ ಒಂದು ಸಲಕ್ಕೇ ಸಾಕು ಸಾಕಾಗಿ ಹೋಯಿತು. ಇಂದಿಗೂ ಯಾರಾದರೂ ಸ್ಟಾಕ್ ಅಂದರೆ ನಾನು ಎದ್ದು ಹೋಗುತ್ತೇನೆ.

ಶಹಾಪುರದ ಹಳೇ ಬಜಾರಿನಲ್ಲಿ ಅಜ್ಜ ಹಾಕಿದ ಅಂಗಡಿ ಅದು. ಯಜಮಾನನ ಗಾದಿಯ ಮೇಲೆ ಅಪ್ಪ ಕೂಡುತ್ತಿದ್ದ, ಅಳೆಯುವುದು ಕತ್ತರಿಸುವುದು ಅವನದೇ. ಕೆಳಗೆ ನಿಂತು ಸುತ್ತಿಟ್ಟ ಬಟ್ಟೆಯ ಥಾನು ಬಿಚ್ಚಿ ತೋರಿಸುವುದು ಅವನ ತಮ್ಮ, ನನ್ನ ಕಾಕಾ. ದೀಪಾವಳಿ ಬಂದಾಗ ಅಪ್ಪ ಕಪಾಟುಗಳ ಮೇಲೆ ಒಮ್ಮೆ ಕೈಯಾಡಿಸಿ, "ಭಾಳ ಅದ ಬಿಡು" ಅನ್ನುತ್ತಿದ್ದ. ವರ್ಷದ ಎಣಿಕೆ ಅಲ್ಲಿಗೆ ಮುಗಿಯುತ್ತಿತ್ತು.

ಕಾಲುವೆಗೆ ನೀರು ಬಂದ ಮೇಲೆ ಆ ಮಾತು ಕಾಕಾನಿಗೆ ರುಚಿಸದಾಯಿತು. ಜೋಳದ ಹೊಲಗಳಲ್ಲಿ ಭತ್ತ ನಿಂತಿತ್ತು. ಭತ್ತ ಬೆಳೆಯಲು ಬಂದು ಕ್ಯಾಂಪ್ ಹಾಕಿಕೊಂಡ ತೆಲುಗು ಮಂದಿ ಟೆರಿಕಾಟ್ ಕೇಳಿಕೊಂಡು ಬರುತ್ತಿದ್ದರು. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಗಾಜಿನ ಬಾಗಿಲಿನ ಅಂಗಡಿಗಳು ಎದ್ದಿದ್ದವು. ಕಾಕಾ ಯಾದಗಿರಿಗೆ ಹೋಗಿ ಬಂದಾಗಲೆಲ್ಲ ಅಲ್ಲಿನ ಅಂಗಡಿಗಳ ಗುಣಗಾನ ಮಾಡುತ್ತಿದ್ದ. ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟ.

"ಅಣ್ಣಾ, ಒಮ್ಮೆ ಸ್ಟಾಕ್ ಎಣಸೂಣು. ಲೆಕ್ಕ ಕೂಡಿದ್ರ ಗಾದಿ ಮ್ಯಾಲ ನೀನೇ ಇರು. ಕೂಡಲಿಲ್ಲಂದ್ರ ನಾ ಕುಂದರತೀನಿ."

ಅಪ್ಪ ರೊಟ್ಟಿ ಮುರಿಯುತ್ತ, "ಹೂಂ, ಎಣಸ್ರಿ" ಅಂದ. ಅವ್ವನ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ನಿಂತಿತು. ಗಾದಿ ಬಿಟ್ಟರೆ ಅಪ್ಪನಿಗೆ ಬೇರೆ ಬದುಕು ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಕಾಕಾನಿಗೂ ಗೊತ್ತಿತ್ತು.

ನಾನು ಆಗ ಯಾದಗಿರಿಯ ಕಾಲೇಜಿನಲ್ಲಿ ಕಾಮರ್ಸ್ ಓದಿ ಮನೆಗೆ ಬಂದಿದ್ದೆ. ಎಣಿಕೆಯ ಜವಾಬ್ದಾರಿ ಮನೆಮಗಳಾದ ನನ್ನ ತಲೆಗೆ ಬಂತು. ಅಪ್ಪನನ್ನು ಗೆಲ್ಲಿಸಿಯೇ ತೀರುತ್ತೇನೆ ಎಂಬ ಹುರುಪಿನಲ್ಲಿ ಎಲ್ಲ ಏರ್ಪಾಡು ಮಾಡಿದೆ. ಅಂಗಡಿ ಬಂದ್ ಎಂದು ಬಾಗಿಲಿಗೆ ಬರೆದು ಹಚ್ಚಿದೆ. ಒಂದೊಂದೇ ಕಪಾಟು ಇಳಿಸುವುದು, ಅಪ್ಪ ಅಳೆಯುವುದು, ನಾನು ಬರೆಯುವುದು, ಅಳೆದ ಥಾನಿಗೆ ಸೀಮೆಸುಣ್ಣದ ಗುರುತು ಹಾಕುವುದು ಎಂದು ಗೊತ್ತುಮಾಡಿದೆ. ಪ್ರತಿ ಥಾನಿನ ಅಂಚಿಗೂ ಒಂದು ಚೀಟಿ ಹೊಲಿದಿರುತ್ತಿತ್ತು. ಮಾರಿದಷ್ಟನ್ನು ಕಳೆದು ಉಳಿದದ್ದೆಷ್ಟು ಎಂದು ಅಪ್ಪ ಅದರ ಮೇಲೆ ಬರೆಯುತ್ತಿದ್ದ. ಚೀಟಿಯಲ್ಲಿದ್ದಷ್ಟು ಬಟ್ಟೆ ಥಾನಿನಲ್ಲಿ ಇದ್ದರೆ ಆಯಿತು, ಅಷ್ಟೇ.

ಮೊದಲನೇ ಪಾಪ್ಲಿನ್ ಥಾನು ಕಡಿಮೆ ಬಂತು. ಎರಡನೆಯದೂ ಕಡಿಮೆ. ಮಲ್ಮಲ್ ಕಡಿಮೆ, ಲಾಂಗ್‌ಕ್ಲಾತ್ ಅಂತೂ ಇನ್ನೂ ಕಡಿಮೆ. ಎಲ್ಲೂ ದೊಡ್ಡ ಕಳವಿನಷ್ಟಿಲ್ಲ, ಹೆಂಗಸರ ಒಂದು ಕುಬಸಕ್ಕೆ ಆಗುವಷ್ಟು, ಒಂದು ಅಂಗಿಗೆ ಆಗುವಷ್ಟು. ಎರಡೆರಡು ಸಲ ಅಳೆಸಿ ಬರೆದೆ.  ಕಾಕಾ ಥಾನು ಮಡಚುತ್ತಿದ್ದ, ಮತ್ತೆ ಬಿಚ್ಚುತ್ತಿದ್ದ. 

ಮಧ್ಯಾಹ್ನ ಸುರಪುರದ ಕಡೆಯವನೊಬ್ಬ ಬಾಗಿಲು ಬಡಿದ. ಮಗಳ ಕುಬಸದ ಕಾರ್ಯ, ಖಣದ ಬಟ್ಟೆ ಬೇಕೇ ಬೇಕು ಎಂದ. ಬಸುರಿ ಹೆಣ್ಣಿನ ಅರಿವೆಗೆ ಬಂದವನನ್ನು ಬರಿಗೈಲಿ ಕಳಿಸಬಾರದು ಎಂದು ಅಪ್ಪ ಅರ್ಧ ಬಾಗಿಲು ತೆಗೆದ. ಬಟ್ಟೆಯನ್ನು ಅಳತೆಪಟ್ಟಿಗೆ ಹಿಡಿದು ಅಳೆದ. ಗೆರೆ ಬಂದ ಮೇಲೆ ನಾಲ್ಕು ಬೆರಳು ಅಡ್ಡ ಇಟ್ಟು, ಅದರಾಚೆಗೆ ಕತ್ತರಿ ಹಾಕಿದ. ಅಳತೆಯ ಮೇಲೆ ಪುಕ್ಕಟೆ ಕೊಡುವ ಕೊಸರು. ಚೀಟಿಯಲ್ಲಿ ಮಾತ್ರ ಗಿರಾಕಿ ಕೇಳಿದಷ್ಟನ್ನೇ ಕಳೆದ.

ಹುಟ್ಟಿದಾಗಿನಿಂದ ನೋಡುತ್ತಿದ್ದೆ. ಅಜ್ಜನ ಕಾಲದಿಂದ ನಮ್ಮಲ್ಲಿ ಕೊಸರಿಲ್ಲದೆ ಒಂದು ತುಂಡೂ ಹೊರಗೆ ಹೋಗಿರಲಿಲ್ಲ. ಕಣ್ಣೆದುರಿಗೇ ಇದ್ದದ್ದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಗಿರಾಕಿ ಹೋಗುತ್ತಲೂ ನಾನು ಕುಣಿಯುವುದೊಂದು ಬಾಕಿ.

"ಕಾಕಾ, ಕೊಸರು! ಎಲ್ಲಾ ಥಾನಿನಾಗೂ ಕಡಿಮಿ ಬಂದದ್ದು ಕೊಸರಿಂದು!"

"ಅದನ್ನ ಎಲ್ಲಿ ಬರಕೊಂಡೀರಿ?" ಅಂದ ಕಾಕಾ, ತಲೆ ಎತ್ತದೆ.

"ಅಪ್ಪಾ, ನೀನರ ಹೇಳು."

ಅಪ್ಪ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. "ಕೊಟ್ಟದ್ದನ್ನ ಬಾಯಿಲೆ ಆಡಬಾರದು ತಂಗಿ. ಆಡಿದ್ರ ಕೊಟ್ಟಂಗ ಆಗಂಗಿಲ್ಲ. ಸುಮ್ಮನ ಬರಿ" ಅಂದ.

ಇದನ್ನು ಅಜ್ಜ ಇಬ್ಬರು ಮಕ್ಕಳಿಗೂ ಕಲಿಸಿದ್ದ. ಕಾಕಾ ಬೇರೆ ಊರಿನಿಂದ ಬಂದವನಲ್ಲ, ಅದೇ ಗಾದಿಯ ಪಕ್ಕದಲ್ಲಿ ಬೆಳೆದವನು. ಒಂದು ಮಾತು, ಒಂದೇ ಒಂದು ಮಾತು ಅವನು ಆಡಬಹುದಿತ್ತು. ಆಡಲಿಲ್ಲ. ನನಗೆ ಅವನ ಮೇಲೆ ಬಂದ ಸಿಟ್ಟು ಅಪ್ಪನ ಮೇಲೂ ಬಂತು. ಬಾಯಿ ಬಿಟ್ಟರೆ ಉಳಿಯುವ ಬದುಕನ್ನು ಬಾಯಿ ಮುಚ್ಚಿ ಕಳೆದುಕೊಳ್ಳುವ ದೊಡ್ಡತನ ಯಾರಿಗೆ ಬೇಕಾಗಿತ್ತು? ಸಿಟ್ಟಿನಲ್ಲೇ ಉಳಿದ ಕಪಾಟುಗಳನ್ನೂ ಬರೆದು ಮುಗಿಸಿದೆ. ಎಲ್ಲವೂ ಕಡಿಮೆಯೇ.

ಮರುವಾರ ಕಾಕಾ ಗಾದಿಯ ಮೇಲೆ ಕೂತ. ಅಪ್ಪ ಕೆಳಗಿಳಿದ. ಹೊಸ ಸ್ಟೀಲಿನ ಮೀಟರ್ ಪಟ್ಟಿ ಬಂತು. ಅಳೆಯಲು ಅಪ್ಪನೇ ಇರಲಿ, ಆದರೆ ಗೆರೆಗೇ ಕತ್ತರಿ ಬೀಳಬೇಕು ಎಂದಾಯಿತು. ನಾಲ್ಕು ಬೆರಳು ಇಡುವ ಕೈಯನ್ನು ಅಪ್ಪ ಮಡಚಿ ಹಿಡಿದುಕೊಳ್ಳುತ್ತಿದ್ದ. ನನಗೆ ಅತ್ತ ನೋಡಲು ಆಗುತ್ತಿರಲಿಲ್ಲ.  ಮನೆಯಲ್ಲಿ ಅವ್ವ ಅಂಗಡಿಯ ಸುದ್ದಿ ಕೇಳುವುದನ್ನು ಬಿಟ್ಟಳು.

ಒಂದು ದಿನ ಶಿರವಾಳದ ಮುದುಕಿಯೊಬ್ಬಳು ಬಂದಳು. ಅಜ್ಜ ಇದ್ದಾಗಿನಿಂದ ನಮ್ಮ ಗಿರಾಕಿ. ನಾನು ಅಪ್ಪನಿಗೆ ಬುತ್ತಿ ತಂದು ಅಲ್ಲೇ ನಿಂತಿದ್ದೆ. ಅವಳು ಕುಬಸದ ಬಟ್ಟೆ ಆರಿಸಿ ಕೊಟ್ಟಳು. ಅಪ್ಪ ಅಳೆದ, ಗೆರೆಗೆ ಕತ್ತರಿ ಇಟ್ಟ, ಕತ್ತರಿಸಿದ. ಮುದುಕಿ ತುಂಡನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದಳು. ಅಂಚಿನಲ್ಲಿ ನಾಲ್ಕು ಬೆರಳಿಟ್ಟು ನೋಡಿದಳು. ಬೇಸರವೇನೂ ಇರಲಿಲ್ಲ ಅವಳ ಮುಖದಲ್ಲಿ, ಗಾಬರಿ ಇತ್ತು.

"ಅಂಗಡಿ ಮಾರಿದ್ರೇನ್ರಿ ಸಾವ್ಕಾರ್ರ?"

ಗಾದಿಯ ಮೇಲಿದ್ದ ಕಾಕಾ ತಲೆ ತಗ್ಗಿಸಿದ. ಅಪ್ಪ ಅವಳ ತುಂಡನ್ನು ಮಡಚಿ ಕೈಯಲ್ಲಿಟ್ಟ.

"ಹೌದ ಯವ್ವ" ಅಂದ. "ಮಾರೇವಿ."