ಅಡುಗೆಮನೆಯ ಸ್ವಿಚ್ ಬೋರ್ಡು

ಹೊಳನಗದ್ದೆಯ ನಮ್ಮ ಮನೆಯಲ್ಲಿ ಅತ್ತೆಯ ಕಣ್ಣು ಮಂಜಾಗುತ್ತ ಬಂದ ವರ್ಷವೇ ಅಡುಗೆಮನೆಯ ಸ್ವಿಚ್ ಬೋರ್ಡೂ ಸಡಿಲಾಯಿತು. ಗೋಡೆಯೊಳಗೆ ಕೂರಿಸಿದ ಹಳೇ ಮರದ ಪೆಟ್ಟಿಗೆ ಅದು. ಉಪ್ಪುಗಾಳಿಗೆ ಸ್ಕ್ರೂಗಳು ತುಕ್ಕು ಹಿಡಿದು, ಅವು ಕೂರುವ ತೂತುಗಳು ಸವೆದು ಅಗಲವಾಗಿದ್ದವು. ಎಷ್ಟು ತಿರುಗಿಸಿದರೂ ಸ್ಕ್ರೂ ಸುಮ್ಮನೆ ಸುತ್ತುತ್ತಿತ್ತು. ಅತ್ತೆ ಸ್ವಿಚ್ ಒತ್ತಹೋದರೆ ಬೋರ್ಡು ಪಕ್ಕಕ್ಕೆ ಜಾರುತ್ತಿತ್ತು. ಅವರು ಬೆಚ್ಚಿ ಕೈ ಹಿಂದೆಗೆಯುತ್ತಿದ್ದರು.

ದಿನಾ ರೈಲಿನಲ್ಲಿ ಭಟ್ಕಳಕ್ಕೆ ಕೆಲಸಕ್ಕೆ ಹೋಗಿಬರುವ ನನ್ನ ಗಂಡ ಕುಮಟೆಯಿಂದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆತಂದರು. ಅವರು ಒಮ್ಮೆ ಅಲುಗಾಡಿಸಿ ನೋಡಿ, "ಇದ್ರ ಕತೆ ಮುಗೀತು. ಬಾಗ್ಲ ಹತ್ರ ಹೊಸದು ಕೂರ್ಸುವ," ಎಂದರು.

ಅವರು ಹೋದಮೇಲೆ ಅತ್ತೆ ನನ್ನ ಬಳಿ ಬಂದು ಮೆಲ್ಲಗೆ, "ಅದನ್ನ ಅಲ್ಲಿಂದ ತೆಗೆಸ್ಬೇಡ. ನನ್ನ ಕೈಗೆ ಆ ಜಾಗ ಗೊತ್ತದೆ. ಬೇರೆ ಕಡೆ ಇಟ್ರೆ ನಾ ಎಂತ ಮಾಡುದು? ಪ್ರತಿಸಲ ನಿನ್ನ ಕರೀತಾ ಕೂತ್ಕಳುದಾ?" ಎಂದರು.

ಕಣ್ಣು ಎಷ್ಟು ಹೋಗಿದೆಯೆಂದು ಅವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಮರುದಿನ ಭಾನುವಾರ. ಮೇನ್ ಆಫ್ ಮಾಡಿ, ಟೆಸ್ಟರ್ ಹಚ್ಚಿ ಕರೆಂಟು ಇಲ್ಲವೆಂದು ಖಾತ್ರಿ ಮಾಡಿಕೊಂಡು ಬೋರ್ಡು ಬಿಚ್ಚಿದೆ. ಪೆಟ್ಟಿಗೆಯ ಮರ ಇನ್ನೂ ಗಟ್ಟಿಯಿತ್ತು. ಹೊನ್ನಾವರದ ತವರಿನಲ್ಲಿ ಅಪ್ಪ ಬಾಗಿಲಿನ ಬಿಜಾಗರಿ ಸಡಿಲಾದಾಗ ಸವೆದ ತೂತಿಗೆ ಬಿದಿರಕಡ್ಡಿಯನ್ನು ಅಂಟಿನಲ್ಲಿ ಅದ್ದಿ ತುಂಬುತ್ತಿದ್ದರು. ನಾನೂ ಹಾಗೇ ಮಾಡಹೊರಟೆ. ನಾನು ಸೀಳಿದ ಕಡ್ಡಿ ಒಂದು ದಪ್ಪ, ಒಂದು ಮುರುಕು.

"ಇಲ್ಲಿ ಕೊಡು," ಎಂದರು ಅತ್ತೆ.

ಕತ್ತಿ ಕೊಡಲು ನನಗೆ ಭಯವಾಯಿತು. ಆದರೂ ಕೊಟ್ಟೆ. ಹೆಬ್ಬೆರಳಿನಿಂದ ಬಿದಿರಿನ ಎಳೆ ಸವರಿ ನೋಡುತ್ತ, ಬೆಂಕಿಕಡ್ಡಿಯಷ್ಟೇ ಸಣ್ಣಗೆ, ಒಂದರಂತೆ ಇನ್ನೊಂದನ್ನು ಸೀಳಿ ನನ್ನ ಅಂಗೈಗೆ ಇಡುತ್ತ ಹೋದರು. ಬುಟ್ಟಿ ಹೆಣೆದ ಕೈ ಅದು, ನನಗೇ ಮರೆತುಹೋಗಿತ್ತು. ತೂತುಗಳಲ್ಲಿ ಬಿಗಿಯಾಗಿ ತುಂಬಿ ಸಂಜೆವರೆಗೆ ಒಣಗಲು ಬಿಟ್ಟೆವು. ಅಷ್ಟು ಹೊತ್ತೂ ಮನೆಯಲ್ಲಿ ಫ್ಯಾನಿಲ್ಲ. ಬೆವರು ಒರೆಸಿಕೊಳ್ಳುತ್ತ ನನ್ನ ಗಂಡ ಎರಡು ಸಲ ಗೊಣಗಿದರು.

ಸಂಜೆ ತೂತಿನಿಂದ ಹೊರಗುಳಿದ ಕಡ್ಡಿಯ ತುದಿ ಕತ್ತರಿಸಿ ಹೊಸ ಸ್ಕ್ರೂ ತಿರುಗಿಸಿದೆ. ಕೊನೆಯ ಸುತ್ತಿಗೆ ಅದು ಮರವನ್ನು ಕಚ್ಚಿ ಹಿಡಿದದ್ದು ಮಣಿಕಟ್ಟಿಗೇ ತಿಳಿಯಿತು. ಮೇನ್ ಹಾಕಿದೆ. ಅತ್ತೆ ಗೋಡೆ ಸವರಿಕೊಂಡು ಬಂದು ಸ್ವಿಚ್ ಒತ್ತಿದರು. ಬೋರ್ಡು ಅಲುಗಲಿಲ್ಲ. ಆರಿಸಿ ಮತ್ತೆ ಒತ್ತಿದರು.

"ಆತು," ಎಂದರು. "ಈಗ ಹೊರಗೆ ಹೋಗಿ ಕೂತ್ಕ. ಚಾ ನಾ ತರ್ತೆ."

ನಾನು ಹೊರಗೆ ಹೋಗಿ ಕೂತೆ.