ಬೀರುವಿಗೆ ಎದೆ ಕೊಟ್ಟ ಮಧ್ಯಾಹ್ನ

ಪಾಲಿಶ್ ಮಾವ ಜೀವಮಾನದಲ್ಲಿ ನಿಜವಾಗಿ ಹೆದರಿದ್ದು ಒಂದೇ ಒಂದು ಮಧ್ಯಾಹ್ನ. ಆದರೆ ಆ ಮಧ್ಯಾಹ್ನ ಪಟ್ಟ ಹೆದರಿಕೆಯನ್ನು ತಲೆಗಿಷ್ಟು ಎಂದು ಹಂಚಿದ್ದರೆ ಇಡೀ ಬೀದಿಗೆ ಮೂರು ವರ್ಷ ನಿದ್ದೆ ಬರುತ್ತಿರಲಿಲ್ಲ.

ನಲವತ್ತು ವರ್ಷ ಅವನು ಮಾಡಿದ್ದು ಮರಕ್ಕೆ ಪಾಲಿಶ್ ಹಾಕುವ ಕೆಲಸ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿಗೆ ಬಟ್ಟೆಯ ಉಂಡೆ ಅದ್ದಿ ದಿನಗಟ್ಟಲೆ ತಿಕ್ಕುತ್ತಿದ್ದ. ಅವನು ತಿಕ್ಕಿದ ಮೇಜಿನಲ್ಲಿ ಮುಖ ನೋಡಿಕೊಂಡು ಗಂಡಸರು ಗಡ್ಡ ಹೆರೆದುಕೊಳ್ಳುತ್ತಿದ್ದರಂತೆ. ಅದರ ಮೇಲೆ ಕೂರಲು ಹೋದ ನೊಣವೊಂದು ಜಾರಿಬಿದ್ದು ಸೊಂಟ ಮುರಿದುಕೊಂಡಿತ್ತಂತೆ. ನೊಣದ ಸುದ್ದಿ ಹಬ್ಬಿಸಿದವನು ಮಾವನೇ.

ಕೈ ನಡುಗಲು ಶುರುವಾದ ಮೇಲೆ ಕೆಲಸ ಬಿಟ್ಟ, ವಿದ್ಯೆ ಬಿಡಲಿಲ್ಲ. ಬೀದಿಯಲ್ಲಿ ಯಾರೇ ಕುರ್ಚಿ, ಮಂಚ, ಬೀರು ಕೊಳ್ಳಲು ಹೊರಟರೂ ಮಾವ ಜೊತೆಗಿರಬೇಕು. ಅವನು ಬಾಗಿಲಲ್ಲಿ ಕಾಣಿಸಿದರೆ ಅಂಗಡಿಯವರ ಮುಖ ಹುಳಿ ಮಜ್ಜಿಗೆ ಕುಡಿದಂತಾಗುತ್ತಿತ್ತು. ಮುಖ ನೋಡಿ ಮಣೆ ಹಾಕಬೇಡಿ ಎಂಬುದು ಅವನ ಮೊದಲ ಪಾಠ. ಡ್ರಾಯರನ್ನು ಹೊರಗೆಳೆದು ಬುಡಮೇಲು ಮಾಡುತ್ತಿದ್ದ, ಹಿಂದಿನ ಹಲಗೆಗೆ ಬೆರಳು ಮಡಿಸಿ ತಟ್ಟುತ್ತಿದ್ದ, ಒಳಗೆ ಮೂಗು ತೂರಿಸಿ ಹುಳು ತಿಂದ ತೂತನ್ನು ಯಾವ ಅಂಟಿನಲ್ಲಿ ಮುಚ್ಚಿದ್ದಾರೆಂದು ಹೇಳುತ್ತಿದ್ದ. ಮಂಚವಾದರೆ ಮಲಗಿ ನಾಲ್ಕು ಸಲ ಮಗ್ಗುಲು ಬದಲಿಸುತ್ತಿದ್ದ. ಕಿರುಗುಟ್ಟುವ ಮಂಚ ಮನೆಯ ಗುಟ್ಟನ್ನು ಪಕ್ಕದ ಮನೆಗೆ ಹೇಳುತ್ತದೆ ಎನ್ನುತ್ತಿದ್ದ.

ಅವನಿಗೆ ಸಹಿಸಲಾಗದ ಕೆಲಸವೊಂದಿತ್ತು: ಪಾಲಿಶ್ ಮಾಡಿದ ಮರಕ್ಕೆ ತೂತು ಕೊರೆಯುವುದು. ಅದು ಮಲಗಿದ ಮಗುವಿನ ಕೆನ್ನೆಗೆ ಸೂಜಿ ಚುಚ್ಚಿದ ಹಾಗೆ ಎಂದು ಹದಿನೇಳು ಮನೆಗಳಲ್ಲಿ ಹೇಳಿ, ಹದಿನೇಳು ಮನೆಗಳಲ್ಲಿ ಬೀರುವನ್ನು ಗೋಡೆಗೆ ಬಿಗಿಯಲು ತಂದ ಡ್ರಿಲ್ ಮೆಶಿನ್ನು ವಾಪಸ್ ಕಳಿಸಿದ್ದ.

ಹದಿನೇಳನೆಯದು ಮಗಳ ಮನೆ. ಏಳು ತಿಂಗಳ ಹಿಂದೆ ಅವಳಿಗೊಂದು ಐದು ಡ್ರಾಯರಿನ ಬೀರು ಕೊಟ್ಟಿದ್ದ. ಎದೆಯೆತ್ತರದ್ದು, ಗಟ್ಟಿ ಮರದ್ದು. ನಡುಗುವ ಕೈಯಲ್ಲೇ ಒಂಬತ್ತು ದಿನ ಕೂತು ತಾನೇ ತಿಕ್ಕಿದ್ದ. ಬೀರು ಗೋಡೆಗೆ ಒರಗಿದ ಕೂಡಲೇ ಬೀಗಿತ್ತಿ, ಅಂದರೆ ಅಳಿಯನ ತಾಯಿ, ಎರಡು ಸ್ಕ್ರೂ ಹಾಕಿ ಗೋಡೆಗೆ ಬಿಗಿಯಬೇಕೆಂದಳು. ಆಕೆ ಮಕ್ಕಳ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸಾಗಿದ್ದವಳು. ಮಾವ ನಕ್ಕುಬಿಟ್ಟಿದ್ದ.

"ಗೋಡೆ ಹಿಡ್ಕೊಂಡು ನಿಲ್ಲೋರು ಕುಡುಕರು, ಬೀಗಿತ್ತಮ್ಮ. ನನ್ನ ಬೀರು ತನ್ನ ಕಾಲ ಮೇಲೆ ತಾನು ನಿಲ್ಲುತ್ತೆ."

ಎಲ್ಲರೂ ನಕ್ಕರು. ಬೀಗಿತ್ತಿ ಮಾತ್ರ ನಗಲಿಲ್ಲ.

ಆ ಮಧ್ಯಾಹ್ನ ಮಾವ ಪಕ್ಕದ ಮನೆಯ ಹೊಸ ಜೋಡಿಯನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದ. ಅಲ್ಲಿ ಅಂಥದ್ದೇ ಐದು ಡ್ರಾಯರಿನ ಬೀರು ಇತ್ತು. ಒಂದೊಂದನ್ನೇ ಎಳೆದು, ಮೂಸಿ, ತಳ್ಳಿ ಪಾಠ ಮಾಡುತ್ತಿದ್ದ. ಹುಡುಗಿ ಚುರುಕು. ಎಲ್ಲವನ್ನೂ ಒಟ್ಟಿಗೆ ತೆರೆದರೆ ಹೇಗೆ ಕಾಣುತ್ತದೆ, ನೋಡೋಣ ಎಂದಳು. ಅದಕ್ಕೇನು ಎಂದು ಮಾವ ಕೆಳಗಿನಿಂದ ಶುರುಮಾಡಿ ಒಂದು, ಎರಡು, ಮೂರು, ನಾಲ್ಕು ಎಳೆದ. ಐದನೆಯದನ್ನು ಎಳೆದಾಗ ಬೀರು ತಲೆಬಾಗಿ ನಮಸ್ಕಾರ ಮಾಡಿತು.

ಮೊದಲು ಅವನಿಗೆ ಅದು ತಮಾಷೆಯಂತೆಯೇ ಕಂಡಿತು. ಮರುಕ್ಷಣ ಆನೆಯೊಂದು ಎದೆಯ ಮೇಲೆ ಒರಗಿದಂತಾಗಿ ಉಸಿರು ನಿಂತಿತು. ಅಂಗಡಿಯವನು, ಅವನ ಇಬ್ಬರು ಆಳುಗಳು, ಹೊಸ ಗಂಡ, ನಾಲ್ಕೂ ಜನ ಕೂಡಿ ಬೀರುವನ್ನು ಹಿಂದಕ್ಕೆ ತಳ್ಳಬೇಕಾಯಿತು. ಗೋಡೆಗೆ ಬಿಗಿಯದಿದ್ದರೆ ಇವೆಲ್ಲ ಹೀಗೇ ಎಂದು ಅಂಗಡಿಯವನು ಮೆಲ್ಲಗೆ ಹೇಳಿದ. ಎಷ್ಟೋ ವರ್ಷದ ಹಗೆ ಆ ಮೆಲುದನಿಯಲ್ಲಿ ತೀರಿತು.

ಮಾವನಿಗೆ ಅವಮಾನವಾಗಲಿಲ್ಲ. ಅದಕ್ಕೆ ಒಳಗೆ ಜಾಗವೇ ಇರಲಿಲ್ಲ. ಪಾಲಿಶ್ ಮಾಡುವವನ ಮುಂದೆ ಡ್ರಾಯರುಗಳು ಬರುವುದು ಬಿಡಿಬಿಡಿಯಾಗಿ. ಅವನ್ನು ಕಳಚಿ, ನೆಲದ ಮೇಲೆ ಸಾಲಾಗಿ ಇಟ್ಟು ತಿಕ್ಕುತ್ತಾರೆ. ಕೆಲಸ ಮುಗಿದು ಸೇರಿಸಿದ ಮೇಲೆ ಬೀರು ಮನೆಗೆ ಹೋಗುತ್ತದೆ. ನಲವತ್ತು ವರ್ಷದಲ್ಲಿ ಅವನು ಮರದ ಮೈ ನೋಡಿದ್ದನೇ ಹೊರತು ಅದು ಬದುಕುವ ರೀತಿ ನೋಡಿರಲಿಲ್ಲ. ಐದೂ ಬಾಯಿ ತೆರೆದು ನಿಂತ ಬೀರುವನ್ನು ಅವನು ಕಂಡಿದ್ದು ಇದೇ ಮೊದಲು.

ಮಗಳು ಹೋದ ವಾರ ಫೋನಿನಲ್ಲಿ ಹೇಳಿದ್ದು ಆಗ ಕಿವಿಯಲ್ಲಿ ಗುಂಯ್‌ಗುಟ್ಟಿತು. ಮೊಮ್ಮಗಳು ಗುಬ್ಬಿಗೆ ಒಂದೂವರೆ ವರ್ಷ. ಡ್ರಾಯರ್ ಎಳೆಯುವುದನ್ನು ಕಲಿತಿದ್ದಾಳೆ, ಎಳೆದು ಮೆಟ್ಟಿಲಿನ ಹಾಗೆ ಹತ್ತಲು ನೋಡುತ್ತಾಳೆ ಎಂದಿದ್ದಳು. ಹತ್ತಲಿ ಬಿಡು, ಅಜ್ಜನ ಮರ ಆನೆ ಹತ್ತಿದರೂ ತಡೆಯುತ್ತದೆ ಎಂದು ಮಾವ ಕೊಚ್ಚಿಕೊಂಡಿದ್ದ.

ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ಮತ್ತೆ ಎತ್ತಲಿಲ್ಲ. ಹೊಸ ಜೋಡಿಗೆ ಒಂದು ಮಾತೂ ಹೇಳದೆ ಬೀದಿಗಿಳಿದ.

ಮಗಳ ಮನೆ ಕಡೆಯ ಬಸ್ಸು ಅವತ್ತು ಬಸವನಹುಳುವಿಗೆ ದಾರಿ ಬಿಟ್ಟುಕೊಡುತ್ತ ಹೋಗುತ್ತಿತ್ತು. ಒಂದೊಂದು ನಿಲ್ದಾಣ ಬಂದಾಗಲೂ ಅವನ ಕಣ್ಣ ಮುಂದೆ ಒಂದೊಂದು ಡ್ರಾಯರು ತೆರೆದುಕೊಂಡಿತು. ಕೆಳಗಿನದರಲ್ಲಿ ಗುಬ್ಬಿಯ ಅಂಗಿ ಚಡ್ಡಿ, ಹಗುರ. ಮೇಲಿನ ಎರಡರಲ್ಲಿ ಪುಸ್ತಕ, ಇಸ್ತ್ರಿ ಪೆಟ್ಟಿಗೆ, ಅಳಿಯನ ಸ್ಪ್ಯಾನರು ಸುತ್ತಿಗೆ. ಭಾರದ್ದೆಲ್ಲ ಮೇಲಿಡು, ಮಗುವಿನ ಕೈಗೆ ಸಿಗಬಾರದು ಎಂದು ಬುದ್ಧಿ ಹೇಳಿದವನು ಯಾರು? ಇವನೇ. ಬೆವರು ಕಣ್ಣಿಗಿಳಿಯಿತು. ಪಕ್ಕದವನು ಎದೆ ನೋವಾ ಎಂದು ಕೇಳಿದ. ಮಾವ ಅಲ್ಲವೆಂದು ತಲೆಯಾಡಿಸಿ, ಮತ್ತೆ ಫೋನ್ ಒತ್ತಿದ. ಇನ್ನೂ ಎರಡು ನಿಲ್ದಾಣ ಇರುವಾಗಲೇ ತಡೆಯಲಾಗದೆ ಇಳಿದು ಓಡಿದ. ಒಂದು ಚಪ್ಪಲಿ ಎಲ್ಲೋ ಉಳಿಯಿತು. ಅವನು ಓಡಿದ ರಭಸಕ್ಕೆ ಎರಡೂ ಕಡೆ ಒಣಹಾಕಿದ್ದ ಬಟ್ಟೆ ಒಣಗಿದವು ಎಂದು ಆ ಬೀದಿಯವರು ಈಗಲೂ ಹೇಳುತ್ತಾರೆ.

ಬಾಗಿಲು ಅರೆತೆರೆದಿತ್ತು. ಕೋಣೆಯಲ್ಲಿ ಬೀಗಿತ್ತಿ ಮಂಚದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ಗುಬ್ಬಿ ಬೀರುವಿನ ಕೆಳಗಿನ ಡ್ರಾಯರಿನೊಳಗೆ ನಿಂತಿತ್ತು. ಎರಡನೆಯದು, ಮೂರನೆಯದು ಅರ್ಧರ್ಧ ತೆರೆದಿದ್ದವು. ನಾಲ್ಕನೆಯದರ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದಿತ್ತು.

ಮಾವ ನೆಗೆದು, ಮಗುವಿನ ತಲೆಯ ಮೇಲಿಂದ ಎರಡೂ ಕೈ ಚಾಚಿ ಬೀರುವನ್ನು ಗೋಡೆಗೆ ಒತ್ತಿ ಹಿಡಿದ. ಮಗು ಅವನ ತೋಳುಗಳ ನಡುವೆ. ಅಂಗಡಿಯಲ್ಲಿ ಖಾಲಿ ಬೀರುವಿಗೇ ನಾಲ್ಕು ಜನ ಬೇಕಾಗಿತ್ತು, ಇದು ತುಂಬಿದ್ದು. ಒಂದು ಕೈ ಬಿಟ್ಟು ಮಗುವನ್ನು ಎತ್ತುವ ಧೈರ್ಯ ಅವನಿಗೆ ಬರಲಿಲ್ಲ. ಗುಬ್ಬಿ ಅಜ್ಜನನ್ನು ನೋಡಿ ಕೇಕೆ ಹಾಕಿ ನಾಲ್ಕನೆಯದನ್ನೂ ಎಳೆಯಿತು.

"ಏನ್ ಬೀಗರೇ, ಪಾಲಿಶ್ ಹೊಳಪು ನೋಡ್ತಿದೀರಾ?" ಎಂದಳು ಬೀಗಿತ್ತಿ.

"ಮಗು ಎತ್ಕೊಳ್ಳಿ."

"ಯಾಕೆ? ಆಡ್ಕೊಂಡಿದ್ದಾಳೆ. ನಿಮ್ಮ ಬೀರು ತಾನೇ?"

ನಲವತ್ತು ವರ್ಷದ ವಿದ್ಯೆ, ಹದಿನೇಳು ಮನೆಯ ಮರ್ಯಾದೆ, ಕುಡುಕರ ಜೋಕು, ಎಲ್ಲವೂ ಮಾವನ ಮಾತಿಗೆ ಅಡ್ಡ ಬಂದವು. ಮಗು ಐದನೆಯದಕ್ಕೆ ಕೈ ಚಾಚಿತು.

"ಅಮ್ಮ, ಅವತ್ತು ನೀವು ಹೇಳಿದ್ದೇ ಸರಿ. ತಪ್ಪು ನಂದು. ನನಗೆ ಗೊತ್ತಿರಲಿಲ್ಲ. ಇದು ಬೀಳುತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ, ಮೊದಲು ಮಗು ಎತ್ಕೊಳ್ಳಿ."

ಬೀಗಿತ್ತಿಯ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಎದ್ದು ಬಂದು ಗುಬ್ಬಿಯನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ಅಷ್ಟು ಹೊತ್ತೂ ಇದ್ದ ಕೊಂಕು ಅವಳ ದನಿಯಲ್ಲಿ ಇರಲಿಲ್ಲ.

"ಈಗ ಕೈ ಬಿಡಿ."

"ಬಿಟ್ರೆ ಬೀಳುತ್ತೆ."

"ಬೀಳಲ್ಲ, ಬಿಡಿ ಬೀಗರೇ. ಅವತ್ತು ನೀವು ಬಸ್ ಹತ್ತೋದನ್ನೇ ಕಾಯ್ತಾ ಇದ್ದೆ. ಹತ್ತಿದ್ರಿ, ನಾನು ಡ್ರಿಲ್ಲಿನವನನ್ನ ಕರೆಸಿದೆ."

ಮಾವ ಒಂದೊಂದೇ ಬೆರಳು ಬಿಡಿಸಿದ. ಬೀರು ಅಲುಗಲಿಲ್ಲ. ಎರಡೂ ಕೈಯಲ್ಲಿ ತನ್ನ ಕಡೆಗೆ ಎಳೆದು ನೋಡಿದ. ಗೋಡೆಯನ್ನೇ ಎಳೆದ ಹಾಗಿತ್ತು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಅಷ್ಟರಲ್ಲಿ ಮಗಳು ಮಹಡಿಯಿಂದ ಒಣಗಿದ ಬಟ್ಟೆ ಹೊತ್ತು ಇಳಿದು ಬಂದಳು. ಫೋನು ಅಡುಗೆಮನೆಯಲ್ಲೇ ಬಿಟ್ಟಿದ್ದೆ ಎಂದಳು. ನಡೆದದ್ದು ತಿಳಿದು, ಬೀರುವಿನ ಮೇಲಿದ್ದ ಫೋಟೋ ಫ್ರೇಮನ್ನು ಸರಿಸಿ ತೋರಿಸಿದಳು. ಹಲಗೆಯ ಹಿಂದಿನ ಅಂಚಿನಲ್ಲಿ ಎರಡು ಕಬ್ಬಿಣದ ಪಟ್ಟಿ, ಅವುಗಳ ಮೇಲೆ ಸ್ಕ್ರೂ. ಅಪ್ಪನಿಗೆ ಕಾಣದಿರಲೆಂದು ಎಲ್ಲಕ್ಕೂ ಕಂದು ಬಣ್ಣದ ಬೂಟ್ ಪಾಲಿಶ್ ಬಳಿದಿದ್ದರು.

"ಹೋದ ಭಾನುವಾರ ನೀನೇ ಈ ಪಟ್ಟಿ ಮೇಲೆ ಬಟ್ಟೆ ಆಡಿಸಿದೆ ಅಪ್ಪ. ನೋಡು, ನನ್ನ ಕೈ ಕೆಲಸ ಇನ್ನೂ ಹೇಗೆ ಹೊಳೀತಿದೆ ಅಂದೆ."

ಬೀಗಿತ್ತಿ ಅವನಿಗೆ ನೀರು ತಂದುಕೊಟ್ಟಳು. ಗುಬ್ಬಿಯನ್ನು ಅವನ ತೊಡೆಯ ಮೇಲೆ ಕೂರಿಸಿದಳು. ಮಾವನ ಹೆದರಿಕೆ ಮಾತ್ರ ಹೋಗಿರಲಿಲ್ಲ. ಈ ಮನೆ ಸರಿ, ಉಳಿದ ಹದಿನಾರು?

ಮರುದಿನ ಬೆಳಿಗ್ಗೆ ಬೀದಿಯವರು ಬಾಗಿಲು ತೆರೆದಾಗ ಮಾವ ಚೀಲ ಹಿಡಿದು ಡ್ರಿಲ್ಲಿನವನ ಜೊತೆ ನಿಂತಿದ್ದ. ಮೊದಲು ಮಕ್ಕಳಿರುವ ಮನೆ, ಆಮೇಲೆ ಉಳಿದವು. ಮರಕ್ಕೆ ತೂತು ಬೀಳುವಾಗ ಪ್ರತಿ ಸಲವೂ ಕಣ್ಣು ಮುಚ್ಚುತ್ತಿದ್ದ. ಚೀಲದಲ್ಲಿ ಸ್ಕ್ರೂಗಳ ಜೊತೆ ಒಂದು ಡಬ್ಬಿ ಕಂದು ಬಣ್ಣದ ಬೂಟ್ ಪಾಲಿಶ್ ಇತ್ತು.